ಕಾಕಾನ ಕೆನ್ನೆ, ಕಂಪ್ಯೂಟರಿನ ರಕ್ತ

ನಮ್ಮ ಕಾಕಾನ ಎರಡೂ ಕೆನ್ನೆಗಳ ಮೇಲೆ ಸಣ್ಣ ಸಣ್ಣ ತಗ್ಗುಗಳಿದ್ದವು. ಗೊತ್ತಿಲ್ಲದವರು ಸಿಡುಬಿನ ಕಲೆ ಅಂದುಕೊಳ್ಳುತ್ತಿದ್ದರು. ಅವು ಶಸ್ತ್ರದ ಗುರುತು. ಕಾಕಾ ಅಂದರೆ ಅಪ್ಪನ ತಮ್ಮ. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ವರ್ಷದಲ್ಲಿ ಕೆಲವು ದಿನ ಮಾತ್ರ ಗಿರಣಿಗೆ ಬೀಗ ಹಾಕಿ ಪುರವಂತನಾಗುತ್ತಿದ್ದ. ವೀರಭದ್ರ ನಮ್ಮ ಮನೆದೇವರು. ಆ ದೇವರಿಗೆ ನಡೆದುಕೊಳ್ಳುವ ಮನೆಗಳಲ್ಲಿ ಮದುವೆಗೆ ಮೊದಲು ಗುಗ್ಗಳ ತೆಗೆಯುತ್ತಾರೆ. ಧೂಪದ ಕೊಡ ಹೊತ್ತು, ಸಂಬಾಳದ ವಾದ್ಯ ಬಡಿಸಿಕೊಂಡು, ಮನೆಯಿಂದ ಗುಡಿಯವರೆಗೆ ಮೆರವಣಿಗೆ. ಪುರವಂತ ಕೆಂಪು ಉಡುಪು ತೊಟ್ಟು, ಗೆಜ್ಜೆ ಕಟ್ಟಿ, ದೇವರ ಕಥೆಯನ್ನು ಒಡಪೆಂಬ ಏರುದನಿಯ ಮಾತಿನಲ್ಲಿ ಗುಡುಗುತ್ತ ಕುಣಿಯುತ್ತಾನೆ. ಕಡೆಗೆ ಗೇಣುದ್ದಕ್ಕಿಂತ ದೊಡ್ಡ ಕಬ್ಬಿಣದ ಸೂಜಿಯನ್ನು ಒಂದು ಕೆನ್ನೆಯಲ್ಲಿ ಚುಚ್ಚಿ ಇನ್ನೊಂದರಿಂದ ಹೊರಗೆ ತೆಗೆಯುತ್ತಾನೆ. ಅದೇ ಶಸ್ತ್ರ. ಒಂದು ಹನಿ ರಕ್ತ ಬರುವುದಿಲ್ಲ. ಬರಬಾರದು.

ಬಂದರೆ ಏನಾಗುತ್ತದೆ ಎಂದು ಕೇಳಿ ಚಿಕ್ಕವಳಿದ್ದಾಗ ಆಯಿಯಿಂದ ಬೈಸಿಕೊಂಡಿದ್ದೆ. ಆಯಿ ಎಂದರೆ ಅಪ್ಪನ ತಾಯಿ, ನಮ್ಮ ಮನೆಯ ಹೈಕೋರ್ಟು.

"ಬಂತಂದ್ರ ಅಂವಾ ಇನ್ನ ಆ ಅರಿವಿ ಮುಟ್ಟಂಗಿಲ್ಲ. ದೇವರು ಕೈ ಬಿಟ್ಟಂಗ ಅದು. ಇಂಥಾ ಮಾತು ಬಾಯಾಗ ತರಬ್ಯಾಡ, ಬಾಯಿಬಡಕಿ!"

ಅಜ್ಜನಿಂದ ಕಾಕಾನಿಗೆ ಬಂದ ಉಡುಪು ಅದು. ಗಿರಣಿಯಲ್ಲಿ ಅವನು ಯಾರದೋ ಜೋಳದ ಚೀಲ ಎತ್ತಿ ಇಳಿಸುವ ಮನುಷ್ಯ. "ಲಗೂ ಮಾಡೋ, ಎಷ್ಟೊತ್ತೋ" ಎಂದು ಚಿಕ್ಕಪುಟ್ಟವರೂ ಅವನಿಗೆ ದಬಾಯಿಸುತ್ತಿದ್ದರು. ಆ ಕೆಂಪು ಉಡುಪಿನಲ್ಲಿ ಮಾತ್ರ ಹತ್ತಿ ಪೇಟೆಯ ದೊಡ್ಡ ದೊಡ್ಡ ಸಾಹುಕಾರರು ಅವನ ಕಾಲು ಹಿಡಿಯುತ್ತಿದ್ದರು. ಅದು ಹೋದರೆ ಅವನಿಗೆ ಉಳಿಯುವುದು ಬರೀ ಹಿಟ್ಟು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಶಸ್ತ್ರ ಹಾಕುವಾಗ ಪುರವಂತನ ಎದುರು ವಿಭೂತಿಯ ತಟ್ಟೆ ಹಿಡಿದು ನಿಲ್ಲುವುದು ನಮ್ಮಲ್ಲಿ ಮನೆಯ ಹೆಣ್ಣುಮಗುವಿನ ಕೆಲಸ. ಶಸ್ತ್ರ ಹೊರಗೆ ಬಂದ ಕೂಡಲೇ ಅವಳೇ ಎರಡೂ ಕೆನ್ನೆಗೆ ವಿಭೂತಿ ಒತ್ತಬೇಕು. ಅಜ್ಜನಿಗೆ ನಾನು ಹಿಡಿದೆ. ಎಲ್ಲರಿಗಿಂತ ಹತ್ತಿರದಿಂದ ನೋಡುವವಳು ನಾನೇ ಎಂಬ ಸೊಕ್ಕು ನನಗಿತ್ತು. ಆಮೇಲೆ ನಾನು ದೊಡ್ಡವಳಾದೆನೆಂದು ಒಂದು ದಿನ "ಇನ್ನ ನೀ ಆಚೆ ಸರಿ" ಅಂದರು. ಸರಿದೆ. ಆ ಸಿಟ್ಟು ಇವತ್ತಿಗೂ ಪೂರಾ ಇಳಿದಿಲ್ಲ, ಬಿಡಿ. ತಟ್ಟೆ ಮುಂದೆ ಕಾಕಾನ ಮಗಳ ಕೈಗೆ ಬಂತು. ನಾನು ಹೇಳುತ್ತಿರುವ ಬೇಸಿಗೆಯಲ್ಲಿ ಅವಳಿಗೆ ಏಳು ವರ್ಷ. ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಸಣ್ಣಾಕಿ.

ಸಣ್ಣಾಕಿಗೆ ಇನ್ನೊಂದು ಕೆಲಸವೂ ಇತ್ತು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸಂಜೆ ಕಾಕಾ ಗಿರಣಿ ಮುಚ್ಚಿ ಬಂದರೆ ರೆಪ್ಪೆ, ಮೀಸೆ, ಕಿವಿ ಎಲ್ಲ ಬಿಳಿ. ಅವನು ಕಟ್ಟೆಯ ಮೇಲೆ ಕೂತು ಮುಖ ಮುಂದೆ ಮಾಡುತ್ತಿದ್ದ. ಅವಳು ಹಸಿಬಟ್ಟೆಯಿಂದ ಒರೆಸುತ್ತಿದ್ದಳು. ಒರೆಸುತ್ತ ಒರೆಸುತ್ತ ಕೆನ್ನೆಯ ತಗ್ಗುಗಳಲ್ಲಿ ಬೆರಳಿಟ್ಟು, "ಇದು ಯಾರ ಲಗ್ನದ್ದು? ಇದು?" ಎಂದು ಕೇಳುತ್ತಿದ್ದಳು. ಕಾಕಾ ಪ್ರತಿ ತಗ್ಗಿಗೂ ಒಂದು ಮದುವೆಯ ಹೆಸರು ಹೇಳುತ್ತಿದ್ದ. ಅರ್ಧ ಸುಳ್ಳು. ಆ ಹೊತ್ತಿನಲ್ಲಿ ಅವನ ಮುಖ ನೋಡಬೇಕಿತ್ತು ನೀವು.

ಆ ಬೇಸಿಗೆಯಲ್ಲಿ ನಮ್ಮಣ್ಣನ ಮದುವೆ. ಅಣ್ಣ ಧಾರವಾಡದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ, ದಿನಾ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಓಡಾಟ. ಕೆಲಸ ಸಿಕ್ಕ ಕೂಡಲೇ ಮನೆಗೆ ಕಂಪ್ಯೂಟರ್ ತಂದಿದ್ದ. ಆಗಿನ ಕಂಪ್ಯೂಟರ್ ಅಂದರೆ ಗೊತ್ತಲ್ಲ, ಕಪಾಟಿನಷ್ಟು ದೊಡ್ಡದು, ಮೇಲೆ ಅವ್ವ ಹೊಲಿದ ಹೂವಿನ ಹೊದಿಕೆ. ಅಲ್ಲಿನ ಸಪ್ತಾಪುರದ ಬಾಡಿಗೆ ಖೋಲಿಗಳಲ್ಲಿದ್ದ ಅವನ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಸಿ.ಡಿ. ತರಿಸಿ ನಕಲು ಮಾಡಿ ಹಂಚುತ್ತಿದ್ದರು. ಅವುಗಳಲ್ಲಿ ಜಪಾನಿನ ಬಣ್ಣದ ಚಿತ್ರಗಳೂ ಇರುತ್ತಿದ್ದವು. ಬಿ.ಎ. ಎರಡನೇ ವರ್ಷದಲ್ಲಿದ್ದ ನಾನು ಮತ್ತು ಅಣ್ಣ ರವಿವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ನೋಡುತ್ತಿದ್ದೆವು. ಹೊರಗಿನವರಿಗೆ ಅದು ಕಾರ್ಟೂನು. ಅಬ್ಬಾ, ಆ ಕಾರ್ಟೂನು!

ಪರದೆಯ ಮೇಲೆ ತಲೆ ಹಾರುತ್ತಿತ್ತು, ಹೊಟ್ಟೆ ಬಿರಿಯುತ್ತಿತ್ತು, ಮನುಷ್ಯನ ಬೆನ್ನಿನಿಂದ ಇನ್ನೇನೋ ಎದ್ದು ಬರುತ್ತಿತ್ತು. ಆದರೆ ನನ್ನನ್ನು ಹಿಡಿದು ಕೂರಿಸುತ್ತಿದ್ದುದು ಅದಲ್ಲ. ಅದಕ್ಕಿಂತ ಮುಂಚಿನ ಸುಮ್ಮನಿರುವಿಕೆ. ನಮ್ಮ ಸಿನಿಮಾದವರು ಹೊಡೆದಾಟಕ್ಕೆ ಮೊದಲೇ ಡೋಲು ಬಡಿದು ಹೇಳಿಬಿಡುತ್ತಾರೆ. ಇವರು ಹಾಗಲ್ಲ. ಹುಲ್ಲು ಅಲುಗಾಡುತ್ತದೆ, ಮರದಲ್ಲಿ ಹುಳ ಕಿರ್ರೆನ್ನುತ್ತದೆ, ಚಹಾದ ಕಪ್ಪಿನಿಂದ ಹೊಗೆ ಏಳುತ್ತದೆ, ಯಾರೋ ಮುಗುಳ್ನಗುತ್ತಾರೆ. ನಿಮಗೆ ಗೊತ್ತಾಗಿಬಿಡುತ್ತದೆ, ಈಗ ಬಂತು ಎಂದು. ಆದರೂ ಬರುವುದಿಲ್ಲ. ಕಾಯಿಸುತ್ತಾರೆ. ನೋಡುವವರ ಜೀವ ಬಾಯಿಗೆ ಬಂದ ಮೇಲೆ ರಕ್ತ ಬರುತ್ತದೆ, ಬಂದರೆ ಜಂತಿ ಮುಟ್ಟುವವರೆಗೆ. ಕೈಯಿಂದ ಬರೆದ ಚಿತ್ರ ಅದು, ಯಾರೋ ಕುಂಚ ಹಿಡಿದು ಹಚ್ಚಿದ ಬಣ್ಣ, ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನನಗೆ ಇಪ್ಪತ್ತು ವರ್ಷ, ನಾನು ಹೇಳಿಕೊಳ್ಳಬಲ್ಲೆ.

ಮದುವೆಗೆ ಹದಿನೈದು ದಿನ ಉಳಿದಿತ್ತು. ಅಣ್ಣ ಕಾಲೇಜಿಗೆ ಹೋಗಿದ್ದ, ನಾನು ಅವ್ವನ ಜೊತೆ ಪೇಟೆಗೆ. ಮನೆಯಲ್ಲಿ ಕಾಕಾನ ಹೆಂಡತಿ, ನಮ್ಮ ಚಿಗವ್ವ, ಮಾಳಿಗೆಯ ಮೇಲೆ ನೆರೆಮನೆಯವರನ್ನು ಕೂಡಿಸಿಕೊಂಡು ಶ್ಯಾವಿಗೆ ಹೊಸೆಯುತ್ತಿದ್ದಳು. ಸಣ್ಣಾಕಿ ಹಿಟ್ಟಿನಲ್ಲಿ ಕೈ, ಒಣಹಾಕಿದ್ದರ ಮೇಲೆ ಕಾಲು. ಚಿಗವ್ವನಿಗೆ ರೇಗಿಹೋಯಿತು. ಭಕ್ತಿಗೀತೆಯ ಸಿ.ಡಿ. ಹಚ್ಚುವುದನ್ನು ಅಣ್ಣ ಅವಳಿಗೆ ಕಲಿಸಿದ್ದ. ಅಣ್ಣನ ಕಪಾಟಿನಿಂದ ಒಂದು ಡಬ್ಬಿ ತೆಗೆದು ನೋಡಿದಳು. ಮೇಲೆ ದೊಡ್ಡ ಕಣ್ಣಿನ ಹುಡುಗಿ, ಕೈಯಲ್ಲಿ ಬಿಳಿ ಹೂವು. ಮಗಳನ್ನು ಕುರ್ಚಿಯ ಮೇಲೆ ಕೂರಿಸಿ, ಹಚ್ಚಿ, ಬಾಗಿಲು ಮುಂದೆ ಮಾಡಿ ಮಾಳಿಗೆಗೆ ಹೋದಳು.

ನಾನು ಬಂದಾಗ ಪರದೆ ಕಪ್ಪಾಗಿ ಜಪಾನಿ ಅಕ್ಷರಗಳು ಮೇಲೆ ಮೇಲೆ ಹೋಗುತ್ತಿದ್ದವು. ಸಣ್ಣಾಕಿ ಎರಡೂ ಕೈಯನ್ನು ಮೊಳಕಾಲ ನಡುವೆ ಸಿಗಿಸಿಕೊಂಡು ಕೂತಿದ್ದಳು. ಮೇಜಿನ ಮೇಲಿನ ಡಬ್ಬಿ ನೋಡಿದೆ. ನಾವು ಬಾಗಿಲು ಹಾಕಿಕೊಂಡು ನೋಡುತ್ತಿದ್ದವುಗಳಲ್ಲೇ ಒಂದು.

ಮೈದಾಹಿಟ್ಟಿನ ಕೈ ಒರೆಸಿಕೊಳ್ಳುತ್ತ ಚಿಗವ್ವ ಬಂದಳು. "ಕಾರ್ಟೂನ್ ಹಚ್ಚಿ ಕುಂದರಿಸಿದ್ದೆ ನೋಡವಾ. ಇದ್ದ ಜಾಗಾ ಬಿಟ್ಟು ಅಳಗ್ಯಾಡಿಲ್ಲ, ಬಂಗಾರದಂಥಾಕಿ."

"ಚಿಗವ್ವಾ, ಅದು ಮಕ್ಕಳು ನೋಡೂದಲ್ಲ! ಬರೇ ಕಡಿಯೂದು, ಚುಚ್ಚೂದು, ರಕ್ತ!"

"ಏ, ಬರದ ಚಿತ್ರಕ್ಕ ಯಾರರೆ ಅಂಜತಾರೇನ? ತಮ್ಮಪ್ಪನ ಗಲ್ಲದಾಗ ಖರೇ ಶಸ್ತ್ರ ಹೋಗೂದನ್ನ ಕಣ್ಣ ಮುಂದ ನೋಡಿದಾಕಿ ಅಕಿ."

ಹೌದಲ್ಲ, ಅನ್ನಿಸಿತು ನನಗೂ. ಸಣ್ಣಾಕಿಯ ಮುಂದೆ ಕೂತು ಕೇಳಿದೆ, "ಅಂಜಿಕಿ ಬಂತೇನವಾ?"

"ಇಲ್ಲ."

"ಹೆಂಗಿತ್ತು?"

"ಛಲೋ ಇತ್ತು," ಅಂದಳು. ಕಣ್ಣು ಇನ್ನೂ ಪರದೆಯ ಮೇಲೇ ಇತ್ತು.

ಅಂದು ಸಂಜೆ ಕಾಕಾ ಕಟ್ಟೆಯ ಮೇಲೆ ಮುಖ ಮುಂದೆ ಮಾಡಿ ಕೂತ. ಅವಳು ಬರಲಿಲ್ಲ. ಕರೆದ. ಒಳಗಿನಿಂದ ಉತ್ತರ ಬಂತು, "ನನಗ ಅಭ್ಯಾಸ ಐತಿ."

"ಬ್ಯಾಸಗಿ ಸೂಟ್ಯಾಗ ಯಾ ಅಭ್ಯಾಸವಾ?" ಎಂದು ಕಾಕಾ ಜೋರಾಗಿ ನಕ್ಕ. ತಾನೇ ಮುಖ ತೊಳೆದುಕೊಂಡ. ಮರುದಿನವೂ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಾಕಾ ನಗುವುದನ್ನು ಬಿಟ್ಟ. ಅವನಿಗೆ ಸರಿಯಾಗಿ ತೊಳೆದುಕೊಳ್ಳಲು ಬರುತ್ತಿರಲಿಲ್ಲ. ಕಿವಿಯ ಹಿಂದೆ ಹಿಟ್ಟು ಹಾಗೇ ಉಳಿಯುತ್ತಿತ್ತು.

ಹತ್ತಿರ ಹೋಗಲೊಲ್ಲಳು, ಬಿಟ್ಟಿರಲೂ ಒಲ್ಲಳು. ಕಾಕಾ ಗಿರಣಿಗೆ ಹೊರಟರೆ ಹತ್ತು ಹೆಜ್ಜೆ ಹಿಂದೆ ಇವಳೂ. ಗಿರಣಿಯ ಬಾಗಿಲಲ್ಲಿ ಕಂಬ ಹಿಡಿದು ನಿಂತು ಅವನ ಬೆನ್ನ ಹಿಂದಿನ ಕತ್ತಲೆಯನ್ನೇ ನೋಡುತ್ತಿದ್ದಳು. ಒಮ್ಮೆ ನಾನೇ ಹಿಟ್ಟು ತರಲು ಹೋದಾಗ ಕಂಡೆ. ಗಿರಣಿಯ ಪಟ್ಟಾ ದಡಬಡ ಬಡಿದುಕೊಳ್ಳುತ್ತಿತ್ತು, ಹಿಟ್ಟಿನ ಧೂಳಿನಲ್ಲಿ ಕಾಕಾ ಬೆನ್ನು ತಿರುಗಿಸಿ ನಿಂತಿದ್ದ, ಇವಳು ರೆಪ್ಪೆ ಮಿಟುಕಿಸದೆ ಕಾಯುತ್ತಿದ್ದಳು. ನಾನೂ ಅವಳು ನೋಡಿದ ಕಡೆ ನೋಡಿದೆ. ಚೀಲಗಳು ಬಿಟ್ಟರೆ ಏನೂ ಇರಲಿಲ್ಲ. ಆದರೂ ಹಿಟ್ಟು ಎತ್ತಿಕೊಂಡು ಬೇಗ ಬೇಗ ಹೊರಗೆ ಬಂದೆ.

ಮನೆಯಲ್ಲಿ ಹೊಲಿಗೆಯ ಸೂಜಿಗಳು ಕಾಣೆಯಾದವು. ದಬ್ಬಣ ಕಾಣೆಯಾಯಿತು. ಮದುವೆಮನೆಯ ಗದ್ದಲ, ಯಾರು ಎಲ್ಲಿಟ್ಟರೋ ಎಂದು ಅವ್ವ ಗೊಣಗಿ ಹೊಸ ಸೂಜಿ ತರಿಸಿದಳು. ನಾನು ಅಣ್ಣನಿಗೆ ಹೇಳಿದೆ. ಅವನು ಲಗ್ನಪತ್ರಿಕೆ ಹಂಚುವ ಅವಸರದಲ್ಲಿದ್ದ.

"ಮರೀತಾಳ ಬಿಡು. ನಾಕ ದಿನದ್ದು," ಅಂದ.

"ನೀ ಮರತೀಯೇನು ಅದನ್ನ?" ಅಂದೆ. ಅವನು ಪತ್ರಿಕೆಗಳ ಕಟ್ಟು ಎತ್ತಿಕೊಂಡು ಹೊರಟ.

ಗುಗ್ಗಳಕ್ಕೆ ಎರಡು ದಿನ ಇದ್ದಾಗ ಆಯಿ ಶಸ್ತ್ರವನ್ನು ತೊಳೆದು ಎಣ್ಣೆ ಹಚ್ಚಲೆಂದು ದೇವರ ಜಗುಲಿಯ ಪೆಟ್ಟಿಗೆ ತೆರೆದಳು. ಒಳಗೆ ಕೆಂಪು ಬಟ್ಟೆ ಇತ್ತು, ಶಸ್ತ್ರ ಇರಲಿಲ್ಲ.

"ಅಯ್ಯ ಶಿವನ!" ಎಂದು ಆಯಿ ಕೂತಲ್ಲೇ ಕುಸಿದಳು. ಅಜ್ಜನ ಅಜ್ಜನ ಕಾಲದ ಶಸ್ತ್ರ. ಇನ್ನೊಂದು ಮಾಡಿಸಿದರೆ ಆಗುವಂಥದ್ದಲ್ಲ. ಕಾಕಾನ ಮುಖ ಹಿಟ್ಟಿಲ್ಲದೆಯೂ ಬಿಳಿಚಿತು. ಎಲ್ಲರೂ ಹುಡುಕಲು ಬಿದ್ದೆವು. ಹಾಸಿಗೆ ಕೊಡವಿದರು, ಅಟ್ಟ ಜಾಲಾಡಿದರು, ಪಾತ್ರೆ ಬೋರಲು ಹಾಕಿದರು. ಸಣ್ಣಾಕಿ ಅಡುಗೆಮನೆಯ ಮೂಲೆಯಲ್ಲಿ ನಿಂತಿದ್ದಳು. ಅವಳ ಕಣ್ಣು ಎಲ್ಲ ಕಡೆ ಓಡುತ್ತಿತ್ತು, ತನ್ನ ಪಕ್ಕದಲ್ಲೇ ಇದ್ದ ಜೋಳದ ಪೀಪಾಯಿಯ ಕಡೆಗೆ ಮಾತ್ರ ಇಲ್ಲ. ಆ ಕಡೆ ಕುತ್ತಿಗೆಯೇ ಹೊರಳುತ್ತಿರಲಿಲ್ಲ. ನಾನು ಸುಮ್ಮನೆ ಹೋಗಿ ಮುಚ್ಚಳ ತೆಗೆದು ಜೋಳದೊಳಗೆ ಕೈ ಹಾಕಿದೆ. ಭುಜದವರೆಗೆ ಇಳಿಸಿದಾಗ ಬೆರಳಿಗೆ ತಣ್ಣನೆಯ ಕಬ್ಬಿಣ ತಾಗಿತು. ಜೊತೆಗೆ ಅವ್ವನ ಸೂಜಿಗಳು, ದಬ್ಬಣ, ಎಲ್ಲ ಒಂದು ಕರವಸ್ತ್ರದಲ್ಲಿ ಗಂಟು ಕಟ್ಟಿದ್ದು.

ಆಯಿ ಕೈ ಎತ್ತಿಕೊಂಡೇ ಬಂದಳು. "ದೇವರ ವಸ್ತು ಮುಟ್ಟತಿ? ನಿನ್ನ ಕೈ ಮುರೀಲಿ!"

ಕಾಕಾ ಅಡ್ಡ ಬಂದ. "ಹೊಡೀಬ್ಯಾಡಬೇ ಯವ್ವಾ. ನಿಂದರು." ಮಗಳ ಎದುರು ಕುಕ್ಕರಗಾಲಲ್ಲಿ ಕೂತ. "ಯಾಕವಾ? ಯಾಕ ಮುಚ್ಚಿಟ್ಟಿ?"

ಅವಳು ಹಿಂದೆ ಸರಿದು ಗೋಡೆಗೆ ಅಂಟಿದಳು. ಅವನ ಕೆನ್ನೆ ನೋಡಿ ಕಣ್ಣು ಬಿಗಿಯಾಗಿ ಮುಚ್ಚಿದಳು.

"ಮದಲ ಏನೂ ಆಗೂದಿಲ್ಲ. ಅಪ್ಪ ನಗ್ತಾನ. ಆಮ್ಯಾಲೆ ರಕ್ತ ಬರ್ತೈತಿ, ಭಾಳ ಬರ್ತೈತಿ, ಮ್ಯಾಲ ಹತ್ತತೈತಿ, ನಿಂದರೂದಿಲ್ಲ. ಕಂಪ್ಯೂಟರದಾಗ ಹಂಗ ಆತು. ನೀ ಸಾಯ್ತಿ ಅಪ್ಪಾ."

ಎಂಟು ಹತ್ತು ದಿನ ಹಿಡಿದುಕೊಂಡಿದ್ದ ಅಳು ಆಗ ಬಂತು ನೋಡಿ, ಮೈಯೆಲ್ಲ ಅಲುಗಾಡುತ್ತಿತ್ತು ಕೂಸಿಗೆ. ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟಳು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಖರೇ ಶಸ್ತ್ರ ನೋಡಿ ಹೆದರದ ಹುಡುಗಿ ಬರೆದ ಚಿತ್ರ ನೋಡಿ ಖರೇ ಶಸ್ತ್ರಕ್ಕೆ ಹೆದರಿದ್ದಳು. ಶಸ್ತ್ರ ಚುಚ್ಚಿದರೆ ರಕ್ತ ಬರಬಹುದು ಎಂಬುದೇ ನಮ್ಮ ಮನೆಯ ಕೂಸಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕಾಕಾ ಗಂಟು ಬಿಚ್ಚಿ ಶಸ್ತ್ರವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ. ಆಮೇಲೆ ಅಣ್ಣನ ಕಡೆ ತಿರುಗಿದ. "ಅಕಿ ಏನ ನೋಡ್ಯಾಳ, ನನಗೂ ತೋರಸು."

"ಬ್ಯಾಡ್ರಿ ಕಾಕಾ," ಅಂದೆ ನಾನು.

"ನನ್ನ ಮಗಳು ಒಬ್ಬಾಕೀನ ಕುಂತು ನೋಡ್ಯಾಳ. ನನಗೇನ ಧಾಡಿ? ಹಚ್ಚಪಾ."

ಮಧ್ಯಾಹ್ನದ ಬಿಸಿಲಿಗೆ ಕಿಟಕಿ ಮುಚ್ಚಿ ಕೂತೆವು. ಕಾಕಾ ಕುರ್ಚಿಯಲ್ಲಿ, ನಾನು ಮತ್ತು ಅಣ್ಣ ಚಾಪೆಯ ಮೇಲೆ. ಸಣ್ಣಾಕಿ ಬಾಗಿಲ ಹೊಸ್ತಿಲಲ್ಲಿ ನಿಂತಳು, ಒಳಗೆ ಬರಲಿಲ್ಲ. ಕೆಳಗೆ ಬರುವ ಇಂಗ್ಲಿಷನ್ನು ಅಣ್ಣ ಕಾಕಾನಿಗೆ ಹೇಳುತ್ತಿದ್ದ. ಬೆಟ್ಟದ ಮೇಲೆ ಒಂದು ಹಳ್ಳಿ, ಅಲ್ಲೊಬ್ಬ ಕಮ್ಮಾರ, ಅವನಿಗೊಬ್ಬಳು ಮಗಳು. "ಭಾಳ ಛಂದ ಬರದಾರಲ್ಲೋ," ಅಂದ ಕಾಕಾ, "ಬೆಂಕಿ ನೋಡು, ಖರೇ ಬೆಂಕಿ ಆದಂಗ ಆಗೇತಿ." ಹುಲ್ಲು ಅಲುಗಾಡಿತು. ಹುಳ ಕಿರ್ರೆಂದಿತು. ರಾತ್ರಿ ಹಳ್ಳಿಗೆ ಏನೋ ಬಂದಿದೆ, ಮಗಳು ಅಪ್ಪನ ಅಂಗಿ ಹಿಡಿದಿದ್ದಾಳೆ. ಅಪ್ಪ ಬಗ್ಗಿ ಅವಳ ಮುಖದ ಹತ್ತಿರ ಮುಖ ತಂದ. ಮುಗುಳ್ನಕ್ಕ. ಏನೋ ಹೇಳಿದ.

"ಏನಂತಾನ?" ಕಾಕಾ ಕೇಳಿದ.

ಅಣ್ಣ ಕೆಳಗಿನ ಸಾಲು ಓದಿದ. "'ಅಂಜಬ್ಯಾಡ, ಏನೂ ಆಗೂದಿಲ್ಲ' ಅಂತಾನ್ರಿ."

ಪ್ರತಿ ಗುಗ್ಗಳದ ಮುಂಜಾನೆ ಕಾಕಾ ಮಗಳಿಗೆ ಹೇಳುತ್ತಿದ್ದ ಮಾತು ಅದು. ಕಾಕಾನ ಕೈ ಕುರ್ಚಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿಯಿತು. ಪರದೆಯ ಮೇಲೆ ಆ ಅಪ್ಪನ ನಗು ಹಾಗೇ ನಿಂತಿತ್ತು. ಕಾಯಿಸಿದರು. ಇನ್ನೂ ಕಾಯಿಸಿದರು. ಆಮೇಲೆ ಅವನ ಒಂದು ಕೆನ್ನೆಯಿಂದ ತೆಳ್ಳಗೆ, ಸದ್ದಿಲ್ಲದೆ, ಕಬ್ಬಿಣದ ಮೊನೆ ಹೊರಗೆ ಬಂತು.

ಕಾಕಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮುಂದಿನದು ನನಗೆ ಗೊತ್ತಿತ್ತು: ರಕ್ತ, ಅದು ಗೋಡೆ ಹತ್ತುವುದು, ಹರಿದ ಆ ಮುಖದೊಳಗಿನಿಂದ ಬೇರೊಂದು ಮುಖ ಹೊರಬರುವುದು. ಆರಿಸಲೆಂದು ನಾನು ಕೈ ಚಾಚಿದೆ. ಅಷ್ಟರಲ್ಲಿ ಹೊಸ್ತಿಲಿಂದ ಸಣ್ಣಾಕಿ ಓಡಿ ಬಂದಳು. ಅಪ್ಪನ ಕೈಗಳ ಮೇಲೆ ತನ್ನ ಕೈಗಳನ್ನು ಒತ್ತಿ ಹಿಡಿದಳು.

"ಕಣ್ಣ ತಗೀಬ್ಯಾಡ ಅಪ್ಪಾ. ಮುಗದ ಮ್ಯಾಲೆ ನಾ ಹೇಳ್ತೇನಿ."

ಅವನ ಕಣ್ಣು ಮುಚ್ಚಿಸಿ ತಾನು ಪೂರಾ ನೋಡಿದಳು. ತುಟಿ ಕಚ್ಚಿಕೊಂಡಿದ್ದಳು, ಕಣ್ಣಲ್ಲಿ ನೀರಿತ್ತು, ಆದರೆ ನೋಡಿದಳು. ಕಾಕಾನ ಭುಜ ನಡುಗುತ್ತಿತ್ತು. ಆ ಎತ್ತರದ ಮನುಷ್ಯ, ಒಡಪು ಹೇಳಿದರೆ ಓಣಿ ನಡುಗಿಸುವವನು!

"ಆತು. ಈಗ ತಗಿ," ಅಂದಳು.

ಕಾಕಾ ಎದ್ದು ಬಚ್ಚಲಿಗೆ ಹೋಗಿ ಬಹಳ ಹೊತ್ತು ಬಾಯಿ ಮುಕ್ಕಳಿಸಿದ. ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಅವನು ಕೆನ್ನೆಗಳನ್ನು ಸವರಿಕೊಳ್ಳುತ್ತ ಸಣ್ಣ ದನಿಯಲ್ಲಿ ಅಂದ, "ಇಷ್ಟ ವರ್ಷ ಆತು, ಅದು ಹೋಗೂದನ್ನ ನಾ ನೋಡೇ ಇಲ್ಲವಾ. ನನ್ನ ಗಲ್ಲ ನನಗ ಕಾಣಂಗಿಲ್ಲಲ್ಲ. ಇವತ್ತ ನೋಡ್ದೆ."

ಮಗಳ ಹೆದರಿಕೆ ಬಿಡಿಸಲು ಹೋದವನು ಅದನ್ನು ತಾನೇ ತೆಗೆದುಕೊಂಡು ಬಂದಿದ್ದ.

ಗುಗ್ಗಳದ ಮುಂಜಾನೆ ಕಾಕಾ ಉಪವಾಸವಿದ್ದು, ಸ್ನಾನ ಮಾಡಿ, ಕೆಂಪು ಉಡುಪು ತೊಟ್ಟ. "ಅಕಿ ತಟ್ಟಿ ಹಿಡಿಯೂದು ಬ್ಯಾಡ ಅಂದ್ರ ಬ್ಯಾಡ. ಯಾರೂ ಒತ್ತಾಯ ಮಾಡಬ್ಯಾಡ್ರಿ," ಎಂದು ಎಲ್ಲರಿಗೂ ಹೇಳಿದ. ಆಯಿ ಮುಖ ಗಂಟು ಹಾಕಿಕೊಂಡಳು. ಸಂಬಾಳ ಶುರುವಾಗುವ ಹೊತ್ತಿಗೆ ಸಣ್ಣಾಕಿ ಹಸಿರು ಲಂಗ ಉಟ್ಟು, ವಿಭೂತಿಯ ತಟ್ಟೆಯನ್ನು ತಾನೇ ಜಗುಲಿಯಿಂದ ತೆಗೆದುಕೊಂಡು ಹೊರಗೆ ಬಂದಳು. ಯಾರ ಕಡೆಗೂ ನೋಡಲಿಲ್ಲ. ಅವಳನ್ನು ಜನರ ನೂಕಾಟದಿಂದ ಕಾಯಲು ನಾನು ಪಕ್ಕದಲ್ಲಿ ನಡೆದೆ. ತಟ್ಟೆ ಟಕಟಕ ಅಲುಗುತ್ತಿತ್ತು.

ಗುಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಧೂಪದ ಹೊಗೆ, ಬಿಸಿಲು, ಬೀಗರ ಕಡೆಯವರು, ಪೇಟೆಯ ಹಿರಿಯರು. ಕಾಕಾ ಒಡಪು ಎತ್ತಿದ. ದಕ್ಷನ ಯಜ್ಞ, ವೀರಭದ್ರನ ಸಿಟ್ಟು, ತಲೆ ಕಡಿದು ಹೋಮದ ಕುಂಡಕ್ಕೆ ಎಸೆದದ್ದು. ಹುಟ್ಟಿದಾಗಿನಿಂದ ಕೇಳಿದ ಕಥೆ. ಅಂದು ಮೊದಲ ಸಲ ನನಗೆ ಆ ತಲೆ ಕಾಣಿಸಿತು, ಆ ರಕ್ತ ಕಾಣಿಸಿತು. ಸಂಬಾಳ ಏರಿತು. ಕಾಕಾ ಮಂಡಿಯೂರಿ ಕೂತು ಶಸ್ತ್ರ ಎತ್ತಿ ಎಡಗೆನ್ನೆಗೆ ಹಚ್ಚಿದ.

ಕೈ ನಿಂತಿತು.

ಸಂಬಾಳದವರು ಇನ್ನೊಂದು ಸುತ್ತು ಬಾರಿಸಿದರು. ಇಂಥಾ ಹೊತ್ತಿನಲ್ಲಿ ಒಂದು ಸುತ್ತು ಹೆಚ್ಚಾದರೆ ಯಾರೂ ಏನೂ ಅನ್ನುವುದಿಲ್ಲ. ಇನ್ನೂ ಒಂದು ಸುತ್ತಾಯಿತು. ಮೊನೆ ಕೆನ್ನೆಯ ಮೇಲೇ ಇತ್ತು, ಚರ್ಮ ತಗ್ಗು ಬಿದ್ದಿತ್ತು, ಒಳಗೆ ಹೋಗುತ್ತಿರಲಿಲ್ಲ. ಕಾಕಾನ ಕಣ್ಣು ನೆಟ್ಟಗೆ ತೆರೆದಿದ್ದವು. ಅವನು ಯಾವತ್ತೂ ಕಣ್ಣು ಮುಚ್ಚುತ್ತಿರಲಿಲ್ಲ, ಅದೇ ಅವನ ಹೆಮ್ಮೆ. ಹಿರಿಯರಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಆಯಿಯ ಬಾಯಲ್ಲಿ ಪಂಚಾಕ್ಷರಿ ನಿಂತುಹೋಯಿತು. ಹಾಕ್ರಿ ಕಾಕಾ, ಹಾಕ್ರಿ, ಎಂದು ಒಳಗೇ ಕೂಗುತ್ತಿದ್ದೆ. ಬ್ಯಾಡ್ರಿ, ಹಾಕಬ್ಯಾಡ್ರಿ, ಎಂದೂ ಕೂಗುತ್ತಿದ್ದೆ.

ಸಣ್ಣಾಕಿ ಒಂದು ಹೆಜ್ಜೆ ಮುಂದೆ ಹೋದಳು. ಕಾಕಾ ಮಂಡಿಯೂರಿದ್ದರಿಂದ ಅವಳ ಮುಖ ಅವನ ಮುಖಕ್ಕೆ ಸಮನಾಗಿತ್ತು. ಆ ಗದ್ದಲದಲ್ಲಿ ಅವಳ ಮಾತು ಅವನಿಗೂ ನನಗೂ ಬಿಟ್ಟರೆ ಯಾರಿಗೂ ಕೇಳಿಸಿರಲಿಕ್ಕಿಲ್ಲ.

"ಕಣ್ಣ ಮುಚ್ಚು ಅಪ್ಪಾ. ಮುಗದ ಮ್ಯಾಲೆ ನಾ ಹೇಳ್ತೇನಿ."

ಕಾಕಾ ಕಣ್ಣು ಮುಚ್ಚಿದ. ಶಸ್ತ್ರ ಹೋಯಿತು. ಬಲಗೆನ್ನೆಯಲ್ಲಿ ಮೊನೆ ಎದ್ದು ಹೊರಗೆ ಬಂತು. ಜನ ಹುಯ್ಯೆಂದರು. ಅವನು ಅದನ್ನು ಮೆಲ್ಲಗೆ ಎಳೆದು ತೆಗೆದ. ಎಡಗೆನ್ನೆಯ ಆ ತೂತಿನಲ್ಲಿ, ನನ್ನ ಕಣ್ಣೆದುರು, ಸಾಸಿವೆಕಾಳಿನಷ್ಟು ಕೆಂಪು ಮೂಡಿತು. ಮೂಡಿ, ತುಂಬಿ, ಜಾರಲು ಹೊರಟಿತು.

ಅದನ್ನು ನಾನು ನೋಡಿದೆ. ಸಣ್ಣಾಕಿಯೂ ನೋಡಿದಳು. ಅವಳ ಕೈಯಿಂದ ತಟ್ಟೆಯೇ ಜಾರುತ್ತದೆ ಅನ್ನಿಸಿತು ನನಗೆ. ಅವಳು ಕಿರುಚಲಿಲ್ಲ. ವಿಭೂತಿಯಲ್ಲಿ ಹೆಬ್ಬೆರಳು ಅದ್ದಿ ಆ ಹನಿಯ ಮೇಲೆ ಗಟ್ಟಿಯಾಗಿ ಒತ್ತಿದಳು. ತೆಗೆಯಲಿಲ್ಲ, ಒತ್ತಿಯೇ ಹಿಡಿದಳು. ಇನ್ನೊಂದು ಕೆನ್ನೆಗೆ ಹಚ್ಚಲು ಇನ್ನೊಂದು ಕೈ ಬೇಕಿತ್ತು, ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಎಷ್ಟೋ ವರ್ಷದ ಮೇಲೆ ಆ ತಟ್ಟೆ ನನ್ನ ಕೈಗೆ ಬಂದದ್ದು ಹಾಗೆ.

"ಆತು. ಈಗ ತಗಿ ಅಪ್ಪಾ."

ಕಾಕಾ ಕಣ್ಣು ತೆರೆದು ಅವಳನ್ನೇ ನೋಡಿದ. ತುಟಿ ಮಾತ್ರ ಅಲುಗಿತು. "ಬಂತೇನ?"

"ಇಲ್ಲ," ಅಂದಳು ಸಣ್ಣಾಕಿ.

ಸಂಬಾಳ ಹುಚ್ಚೆದ್ದಿತು. ಜನ ಕಾಲಿಗೆ ಬೀಳಲು ನುಗ್ಗಿದರು. ಆಯಿ ನನ್ನ ರೆಟ್ಟೆ ಹಿಡಿದು ಎಳೆದಳು. "ಯಾಕ ತಡಾ ಆತ? ನೀ ಬಾಜೂಕ ಇದ್ದಿ. ಏನರೆ ಕಂಡತೇನ?"

"ಏನೂ ಇಲ್ಲ ಆಯಿ. ಛಲೋ ಆತು," ಅಂದೆ. ದನಿ ನಡುಗಲಿಲ್ಲ, ದೇವರ ದಯೆ.

ಮನೆಗೆ ಬಂದ ಮೇಲೆ ಸಣ್ಣಾಕಿಯನ್ನು ಕೈ ತೊಳೆಸಲು ಬಚ್ಚಲಿಗೆ ಕರೆದೊಯ್ದೆ. ಅವಳು ಮುಷ್ಟಿ ಬಿಚ್ಚಿರಲಿಲ್ಲ. ಬಿಚ್ಚಿ ಹೆಬ್ಬೆರಳು ನೋಡಿಕೊಂಡಳು. ಒಣಗಿದ ವಿಭೂತಿಯ ನಡುವೆ ಸ್ವಲ್ಪವೇ ಸ್ವಲ್ಪ ಕೆಂಪು.

"ಅಕ್ಕಾ, ಖರೇ ರಕ್ತ ಎಷ್ಟ ಸಣ್ಣದಿರ್ತೈತಿ," ಅಂದಳು.

ನಾನು ನೀರು ಸುರಿದೆ. ಅವಳು ಬೆರಳನ್ನು ತಿಕ್ಕಿ ತಿಕ್ಕಿ ತೊಳೆದಳು.

ಹೊರಗೆ ಕಟ್ಟೆಯ ಮೇಲಿಂದ ಕಾಕಾನ ದನಿ ಕೇಳಿಸಿತು. ಉಡುಪು ಬಿಚ್ಚಿ ಬನಿಯನ್ನಿನಲ್ಲಿ ಕೂತಿದ್ದ. ಅಂದು ಮುಖದ ಮೇಲೆ ಹಿಟ್ಟಿರಲಿಲ್ಲ, ವಿಭೂತಿ ಮತ್ತು ಬೆವರು. "ಏನವಾ, ಇವತ್ತರೆ ಮಾರಿ ಒರಸ್ತೀಯೋ, ಇವತ್ತೂ ಅಭ್ಯಾಸ ಐತೋ?"

ಸಣ್ಣಾಕಿ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿಕೊಂಡು ಓಡಿದಳು. ಹಣೆ ಒರೆಸಿದಳು, ಕಿವಿಯ ಹಿಂದೆ ಒರೆಸಿದಳು, ಬಲಗೆನ್ನೆ ಒರೆಸಿದಳು. ಎಡಗೆನ್ನೆಯ ವಿಭೂತಿಯನ್ನು ಹಾಗೇ ಬಿಟ್ಟಳು.

"ಇದೊಂದು ಯಾಕ ಬಿಟ್ಟಿ?" ಕಾಕಾ ಕೇಳಿದ.

"ಅದು ನಾಳಿಗೆ," ಅಂದಳು. ಕಾಕಾ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಎಡಗೆನ್ನೆಯ ಕಡೆ ಎತ್ತಿದ್ದ ಕೈಯನ್ನು ವಿಭೂತಿ ಮುಟ್ಟದೆ ಇಳಿಸಿದ.